ಗೇಟು ದಾಟುವ ಮೊದಲೇ ಫೋಟೊ ಕೈಗೆ ಬರಬೇಕು

ಪ್ರಶ್ನೆ: ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಒಂಬತ್ತು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. ಮುಹೂರ್ತ ಇರುವ ತಿಂಗಳು ಕೆಲಸ, ಇಲ್ಲದ ತಿಂಗಳು ಖಾಲಿ. ಕಾರ್ಯಕ್ರಮದ ಜಾಗದಲ್ಲೇ ಫೋಟೊ ತೆಗೆದು, ಅಲ್ಲೇ ಪ್ರಿಂಟ್ ಹಾಕಿ ಮಾರುವ ಕೆಲಸ ಶುರು ಮಾಡೋಣ ಅಂತಿದ್ದೇನೆ. ಕ್ಯಾಮೆರಾ, ಫ್ಲ್ಯಾಶ್, ಲ್ಯಾಪ್‌ಟಾಪ್ ಇವೆ. ಪ್ರಿಂಟರ್ ಇಲ್ಲ. ಯಾವುದು ತಗೊಳ್ಳಲಿ? ಒಂದು ಪ್ರಿಂಟಿಗೆ ಎಷ್ಟು ರೇಟ್ ಇಡಲಿ? ಎಲ್ಲರ ಕೈಯಲ್ಲೂ ಫೋನ್ ಇರುವಾಗ ದುಡ್ಡು ಕೊಟ್ಟು ಯಾರು ತಗೊಳ್ಳುತ್ತಾರೆ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. ಮದುವೆ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಬಹುದಾ?

ಉತ್ತರ: ನೀವು ಮೊದಲು ಪ್ರಿಂಟರ್ ಬಗ್ಗೆ ಕೇಳಿದ್ದೀರಿ. ನಾನು ನಿಮ್ಮ ಮನೆಯವರ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಪ್ರಿಂಟರ್ ಯಾವುದು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹೌದು, ಎಲ್ಲರ ಕೈಯಲ್ಲೂ ಫೋನ್ ಇದೆ. ಆದರೆ ಒಂದು ಕೃಷ್ಣ ವೇಷ ಸ್ಪರ್ಧೆಗೆ ಹೋಗಿ ಸುಮ್ನೆ ಅರ್ಧ ಗಂಟೆ ನಿಂತು ನೋಡಿ. ಅಮ್ಮ ಮಗುವಿನ ಕಿರೀಟ ಸರಿ ಮಾಡುತ್ತಿರುತ್ತಾಳೆ. ಅಪ್ಪ ಫೋನ್ ಹಿಡಿದು ಮುಂದೆ ಕೂತಿರುತ್ತಾರೆ. ಮಗು ವೇದಿಕೆಗೆ ಬರುತ್ತದೆ, ಅಷ್ಟರಲ್ಲಿ ಯಾರೋ ಎದ್ದು ನಿಲ್ಲುತ್ತಾರೆ. ಸಿಕ್ಕಿದ ಹತ್ತು ಫೋಟೊದಲ್ಲಿ ಒಂಬತ್ತು ಅಲುಗಾಡಿರುತ್ತವೆ. ಇನ್ನು ಅಪ್ಪ, ಅಮ್ಮ, ಅಜ್ಜಿ, ಮಗು ಎಲ್ಲರೂ ಒಟ್ಟಿಗೆ ನಿಂತ ಫೋಟೊ? ಅದು ಇರುವುದೇ ಇಲ್ಲ, ಯಾಕೆಂದರೆ ಫೋನ್ ಹಿಡಿದವರು ಯಾವತ್ತೂ ಫೋಟೊದ ಹೊರಗೇ ಇರುತ್ತಾರೆ. ನಿಮ್ಮ ವ್ಯಾಪಾರ ಇರುವುದು ಅಲ್ಲಿ. ಒಳ್ಳೆ ಬೆಳಕಿನಲ್ಲಿ, ಮನೆಯವರೆಲ್ಲ ಸೇರಿ ನಿಂತ ಒಂದೇ ಒಂದು ಫೋಟೊ.

ಅದಕ್ಕಿಂತ ದೊಡ್ಡ ವಿಷಯ ಹೊತ್ತು. ಕ್ಯಾಮೆರಾಗೆ ಫಿಲ್ಮ್ ರೀಲ್ ಹಾಕುತ್ತಿದ್ದ ಕಾಲದಲ್ಲಿ ನಾನು ಶಾಲೆಯ ವಾರ್ಷಿಕೋತ್ಸವದ ಫೋಟೊ ತೆಗೆದು, ವಾರದ ನಂತರ ಪ್ರಿಂಟ್‌ಗಳನ್ನು ಶಾಲೆಯ ಬೋರ್ಡಿಗೆ ಅಂಟಿಸಿ ಬರುತ್ತಿದ್ದೆ. ಮಕ್ಕಳು ನೋಡಿ ಕುಣಿಯುತ್ತಿದ್ದವು. ದುಡ್ಡು ತರುತ್ತಿದ್ದವರು ಕೆಲವರೇ. ಫೋಟೊ ಅದೇ, ಮಗು ಅದೇ, ಅಪ್ಪ ಅಮ್ಮನೂ ಅವರೇ. ಆದರೆ ಆ ದಿನದ ಖುಷಿ ವಾರದಲ್ಲಿ ಆರಿ ಹೋಗಿರುತ್ತಿತ್ತು. ಈಗಲೂ 'ನಾಳೆ ಅಂಗಡಿಗೆ ಬಂದು ತಗೊಳ್ತೀವಿ' ಅಂದವರಲ್ಲಿ ಬರುವವರು ಬಹಳ ಕಡಿಮೆ. ಅವರು ಸುಳ್ಳು ಹೇಳುವುದಿಲ್ಲ, ಮನೆಗೆ ಹೋದ ಮೇಲೆ ಬೇರೆ ಕೆಲಸ ಇರುತ್ತದೆ ಅಷ್ಟೆ. ಅದೇ ಪ್ರಿಂಟ್, ಮಗು ಇನ್ನೂ ಮುಖದ ನೀಲಿ ಬಣ್ಣ ಒರೆಸಿಕೊಳ್ಳದೆ ಇರುವಾಗ ಅಜ್ಜಿಯ ಕೈಗೆ ಬಂದರೆ? ಯಂತ್ರದಿಂದ ಆಗಷ್ಟೇ ಬಿದ್ದ ಪ್ರಿಂಟ್ ಸ್ವಲ್ಪ ಬೆಚ್ಚಗಿರುತ್ತದೆ. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಒಮ್ಮೆ ಮಗುವಿನ ಮುಖ ನೋಡುತ್ತಾರೆ, ಒಮ್ಮೆ ಫೋಟೊ ನೋಡುತ್ತಾರೆ. ಆಮೇಲೆ ಅದನ್ನು ವಾಪಸ್ ಟೇಬಲ್ ಮೇಲೆ ಇಡುವುದು ಅವರಿಗೆ ಕಷ್ಟ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಹಾಗಾಗಿ ನಾನು ಹೇಳುವುದೆಲ್ಲ ಒಂದೇ ಮಾತಿಗೆ ಬಂದು ನಿಲ್ಲುತ್ತದೆ. ಫೋಟೊ ತೆಗೆದ ಹತ್ತು ನಿಮಿಷದೊಳಗೆ ಪ್ರಿಂಟ್ ಕೈಯಲ್ಲಿರಬೇಕು. ಬೆಳಕು, ಮೆಮೊರಿ ಕಾರ್ಡ್, ಪ್ರಿಂಟರ್, ಟೇಬಲ್ ಇಡುವ ಜಾಗ, ಚಿಲ್ಲರೆ, ಎಲ್ಲವನ್ನೂ ಈ ಹತ್ತು ನಿಮಿಷಕ್ಕೆ ಹೊಂದಿಸಬೇಕು.

ಈಗ ಪ್ರಿಂಟರ್. ಈ ಕೆಲಸಕ್ಕೆ ಡೈ ಸಬ್ಲಿಮೇಶನ್ ಪ್ರಿಂಟರೇ ಬೇಕು. ಇದರಲ್ಲಿ ನೀರಿನಂಥ ಇಂಕ್ ಇರುವುದಿಲ್ಲ. ಬಣ್ಣದ ರಿಬ್ಬನ್ ಇರುತ್ತದೆ. ಬಿಸಿಯಾದ ಹೆಡ್ ರಿಬ್ಬನ್ನಿನ ಬಣ್ಣವನ್ನು ಕಾಗದಕ್ಕೆ ಇಳಿಸುತ್ತದೆ. ಮೊದಲು ಹಳದಿ, ಆಮೇಲೆ ಮಜೆಂಟಾ, ಆಮೇಲೆ ಸಯಾನ್, ಕೊನೆಗೆ ಒಂದು ಪಾರದರ್ಶಕ ಪದರ. ಆ ಕೊನೆಯ ಪದರ ನಮ್ಮ ಕಡೆ ಬಹಳ ಮುಖ್ಯ. ನಮ್ಮ ಕಾರ್ಯಕ್ರಮದಲ್ಲಿ ಊಟ ಇದ್ದೇ ಇರುತ್ತದೆ. ಜನ ಕೈ ತೊಳೆದು ಒದ್ದೆ ಕೈಯಲ್ಲೇ ಬಂದು ಫೋಟೊ ಹಿಡಿಯುತ್ತಾರೆ. ಇಂಕ್‌ಜೆಟ್ ಪ್ರಿಂಟಾದರೆ ಬಣ್ಣ ಹರಡುವ ಭಯ. ಇದರಲ್ಲಿ ಕರವಸ್ತ್ರದಿಂದ ಒರೆಸಿ ಕೊಟ್ಟರೆ ಆಯಿತು. ಇಂಕ್ ಟ್ಯಾಂಕ್ ಪ್ರಿಂಟರ್ ಅಂಗಡಿಯಲ್ಲಿ ಇಟ್ಟುಕೊಂಡು ಕೆಲಸ ಮಾಡಲು ಚೆನ್ನಾಗಿದೆ. ಆದರೆ ಅದನ್ನು ಓಮ್ನಿಯಲ್ಲಿ ಹಾಕಿಕೊಂಡು ಹಳ್ಳಿ ರಸ್ತೆಯಲ್ಲಿ ಓಡಾಡಲು ಆಗುವುದಿಲ್ಲ. ವಾಲಿದರೆ ಇಂಕ್ ಸೋರುತ್ತದೆ.

ಮಾಡೆಲ್ ಹೇಳಬೇಕೆಂದರೆ, ಈ ಕೆಲಸದಲ್ಲಿ ಜಾಸ್ತಿ ಕಾಣುವುದು ಡಿಎನ್‌ಪಿ ಕಂಪನಿಯ ಆರ್‌ಎಕ್ಸ್1. ಈಗ ಬರುವುದು ಎಚ್‌ಎಸ್ ಅನ್ನುವ ವೇಗದ ಮಾಡೆಲ್. ಒಂದು 6×4 ಇಂಚಿನ ಪ್ರಿಂಟಿಗೆ ಹನ್ನೆರಡು ಹದಿಮೂರು ಸೆಕೆಂಡ್. ತೂಕ ಸುಮಾರು 14 ಕಿಲೊ, ಒಬ್ಬರೇ ಎತ್ತಬಹುದು. 6×4 ಸೈಜಿನ ಒಂದು ರೋಲಿನಲ್ಲಿ 700 ಪ್ರಿಂಟ್ ಬರುತ್ತವೆ, ಬಾಕ್ಸಿನಲ್ಲಿ ಎರಡು ರೋಲ್. 8×6 ಸೈಜಾದರೆ ರೋಲಿಗೆ 350. ಕಾಗದ ಮತ್ತು ರಿಬ್ಬನ್ ಒಂದೇ ಲೆಕ್ಕದಲ್ಲಿ ಬರುವುದರಿಂದ ಕಪ್ಪು ಫೋಟೊ, ಬಿಳಿ ಫೋಟೊ ಯಾವುದಾದರೂ ಪ್ರಿಂಟಿನ ಖರ್ಚು ಒಂದೇ. ಬಾಕ್ಸಿನ ಬೆಲೆಯನ್ನು 1400ರಿಂದ ಭಾಗಿಸಿದರೆ ನಿಮ್ಮ ಒಂದು ಪ್ರಿಂಟಿನ ಅಸಲು ಸಿಗುತ್ತದೆ. ವ್ಯಾಪಾರ ಮಾಡುವವನಿಗೆ ಇಷ್ಟು ಸುಲಭದ ಲೆಕ್ಕ ಇಂಕ್‌ಜೆಟ್‌ನಲ್ಲಿ ಸಿಗುವುದಿಲ್ಲ. 8×6 ರೋಲ್ ಹಾಕಿಟ್ಟುಕೊಂಡರೆ ಎರಡೂ ಸೈಜ್ ತೆಗೆಯಬಹುದು. ಎರಡು 6×4 ಫೋಟೊಗಳನ್ನು ಒಟ್ಟಿಗೆ ಕಳಿಸಿದರೆ ಯಂತ್ರವೇ ನಡುವೆ ಕತ್ತರಿಸಿ ಕೊಡುತ್ತದೆ. ಕಾರ್ಯಕ್ರಮದ ನಡುವೆ ರೋಲ್ ಬದಲಿಸುವ ಗೋಜಿಲ್ಲ.

ಆದರೆ ನನ್ನ ಮಾತು ಕೇಳಿ, ಇದನ್ನು ಇವತ್ತೇ ತಗೊಳ್ಳಬೇಡಿ. ಮೊದಲ ಮೂರು ಕಾರ್ಯಕ್ರಮಕ್ಕೆ ನಿಮ್ಮ ಊರಿನಲ್ಲೋ ಹಾಸನದಲ್ಲೋ ಇಂಥ ಪ್ರಿಂಟರ್ ಇರುವ ಸ್ಟುಡಿಯೊದವರ ಜೊತೆ ಸೇರಿ ಮಾಡಿ. ಪ್ರಿಂಟರ್ ಅವರದ್ದು, ಓಡಾಟ ನಿಮ್ಮದು, ಉಳಿದಿದ್ದು ಅರ್ಧ ಅರ್ಧ. ಅದು ಆಗದಿದ್ದರೆ ಕ್ಯಾನನ್ ಕಂಪನಿಯ ಸೆಲ್ಫಿ (SELPHY) ಥರದ ಪುಟ್ಟ ಪ್ರಿಂಟರ್ ಸಾಕು. ಅದೂ ರಿಬ್ಬನ್ ಪ್ರಿಂಟರೇ. ಒಂದು ಪ್ರಿಂಟಿಗೆ ಮುಕ್ಕಾಲು ನಿಮಿಷದ ಹತ್ತಿರ ಹಿಡಿಯುತ್ತದೆ, ಟ್ರೇಯಲ್ಲಿ 18 ಹಾಳೆ ಮಾತ್ರ ಹಿಡಿಯುತ್ತದೆ. ಇಪ್ಪತ್ತು ಮೂವತ್ತು ಮಕ್ಕಳ ಕಾರ್ಯಕ್ರಮಕ್ಕೆ ಸಾಲುತ್ತದೆ, ನೂರು ಮಕ್ಕಳಿಗೆ ಸಾಲದು. ಅದರಲ್ಲಿ ಇನ್ನೊಂದು ಚೆಂದ ಇದೆ. ಕಾಗದ ನಾಲ್ಕು ಸಲ ಹೊರಗೆ ಬಂದು ಒಳಗೆ ಹೋಗುವುದು ಕಣ್ಣಿಗೆ ಕಾಣುತ್ತದೆ. ಮೊದಲ ಸಲ ಬರೀ ಹಳದಿ ಛಾಯೆ, ಎರಡನೇ ಸಲಕ್ಕೆ ಮುಖ ಮೂಡುತ್ತದೆ, ಮೂರನೇ ಸಲಕ್ಕೆ ಬಣ್ಣ ತುಂಬುತ್ತದೆ. ಮಕ್ಕಳು ಟೇಬಲಿಗೆ ಗಲ್ಲ ಒತ್ತಿಕೊಂಡು ನೋಡುತ್ತಾ ನಿಲ್ಲುತ್ತವೆ. ಅವರ ಹಿಂದೆ ಅಪ್ಪ ಅಮ್ಮ ಬರುತ್ತಾರೆ.

ಬೆಳಕಿನ ವಿಷಯಕ್ಕೆ ಬರುತ್ತೇನೆ. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ತೆಗೆದ ಫೋಟೊಗಳನ್ನೇ ಪ್ರಿಂಟ್ ಹಾಕಿದೆ. ವೇದಿಕೆಗೆ ಬಣ್ಣದ ಎಲ್‌ಇಡಿ ದೀಪ ಹಾಕಿದ್ದರು. ಲ್ಯಾಪ್‌ಟಾಪ್ ಪರದೆಯಲ್ಲಿ ಪರವಾಗಿಲ್ಲ ಅನ್ನಿಸಿತ್ತು. ಪ್ರಿಂಟಿನಲ್ಲಿ ಮಕ್ಕಳ ಮುಖ ನೇರಳೆ ಬಂತು. ಒಬ್ಬ ತಂದೆ ಬಂದು, 'ನನ್ನ ಮಗಳ ಬಣ್ಣ ಇದಲ್ಲ ಸಾರ್' ಅಂದರು. ಜಗಳ ಆಡಲಿಲ್ಲ, ಬೇಜಾರಿನಲ್ಲಿ ಹೇಳಿದರು. ಆ ದಿನ ತಗೊಂಡವರಿಗೆಲ್ಲ ದುಡ್ಡು ವಾಪಸ್ ಕೊಟ್ಟೆ. ಅವತ್ತಿನಿಂದ ವೇದಿಕೆಯ ಫೋಟೊ ಮಾರುವುದನ್ನು ಬಿಟ್ಟೆ.

ನಿಮ್ಮದೇ ಒಂದು ಮೂಲೆ ಮಾಡಿಕೊಳ್ಳಿ. ಎಂಟು ಅಡಿ ಅಗಲದ ಪರದೆ, ಅದರ ಮುಂದೆ ಐದಾರು ಅಡಿ ಜಾಗ ಬಿಟ್ಟು ನೆಲಕ್ಕೆ ಗಮ್ ಟೇಪಿನಲ್ಲಿ ಒಂದು ಗುರುತು. ಮಗು ಆ ಗುರುತಿನ ಮೇಲೇ ನಿಲ್ಲಬೇಕು. ಪರದೆಗೆ ಅಂಟಿಕೊಂಡು ನಿಂತರೆ ನೆರಳು ಬೀಳುತ್ತದೆ. ಒಂದು ಫ್ಲ್ಯಾಶಿಗೆ ದೊಡ್ಡ ಛತ್ರಿ ಹಾಕಿ, ಓರೆಯಾಗಿ ಮೇಲಿನಿಂದ ಬರುವಂತೆ ನಿಲ್ಲಿಸಿ. ಸ್ಟ್ಯಾಂಡಿಗೆ ಮರಳಿನ ಚೀಲ ಕಟ್ಟುವುದನ್ನು ಮರೆಯಬೇಡಿ, ಮಕ್ಕಳು ಓಡಾಡುವ ಜಾಗ ಅದು. ಕ್ಯಾಮೆರಾ ಮ್ಯಾನ್ಯುಯಲ್ ಮೋಡಿನಲ್ಲಿರಲಿ. ಎಫ್ 8, ಷಟರ್ 1/125, ಐಎಸ್ಒ 200ರ ಸುತ್ತಮುತ್ತ. ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆಯನ್ನು ಫ್ಲ್ಯಾಶಿಗೆ ಕಟ್ಟಿಬಿಡಿ, ಆಟೋದಲ್ಲಿ ಇಡಬೇಡಿ. ಆಟೋದಲ್ಲಿಟ್ಟರೆ ಹಳದಿ ಪಂಚೆಯ ಕೃಷ್ಣನಿಗೆ ಒಂದು ಬಣ್ಣ, ಕೆಂಪು ಲಂಗದ ರಾಧೆಗೆ ಇನ್ನೊಂದು ಬಣ್ಣ ಬರುತ್ತದೆ. ಮನೆಯಲ್ಲಿ ಹಿಂದಿನ ದಿನವೇ ಹೀಗೆ ನಿಲ್ಲಿಸಿ, ಅದೇ ಪ್ರಿಂಟರಿನಲ್ಲಿ ಐದಾರು ಪ್ರಿಂಟ್ ತೆಗೆದು ಮುಖದ ಬಣ್ಣ ಸರಿ ಮಾಡಿಕೊಳ್ಳಿ. ಕಾರ್ಯಕ್ರಮದ ದಿನ ಎಡಿಟಿಂಗ್ ಅನ್ನುವುದೇ ಇರಬಾರದು. ಒಂದು ಫೋಟೊಗೆ ಒಂದು ನಿಮಿಷ ಎಡಿಟ್ ಮಾಡಿದರೂ ಅರವತ್ತು ಮಕ್ಕಳಿಗೆ ಒಂದು ಗಂಟೆ ಹೋಯಿತು, ಅಷ್ಟರಲ್ಲಿ ಶಾಮಿಯಾನ ಬಿಚ್ಚುತ್ತಿರುತ್ತಾರೆ.

ಚೌಕಟ್ಟಿನ ವಿಷಯದಲ್ಲಿ ಮದುವೆ ಫೋಟೊಗ್ರಾಫರ್‌ಗಳು ಮಾಡುವ ತಪ್ಪೊಂದಿದೆ, ತುಂಬಾ ಬಿಗಿಯಾಗಿ ತೆಗೆಯುತ್ತಾರೆ. ಕ್ಯಾಮೆರಾದ ಫೋಟೊ ಮೂರಕ್ಕೆ ಎರಡರ ಅಳತೆ. 6×4ಕ್ಕೆ ಅದು ಸರಿ ಹೊಂದುತ್ತದೆ. 8×6 ನಾಲ್ಕಕ್ಕೆ ಮೂರರ ಅಳತೆ. ಉದ್ದದ ಎರಡೂ ತುದಿಯಲ್ಲಿ ಸ್ವಲ್ಪ ಕತ್ತರಿಸಿ ಹೋಗುತ್ತದೆ. ನಿಂತ ಕೃಷ್ಣನಿಗೆ ತಲೆಯ ಮೇಲೆ ನವಿಲುಗರಿ ಇದೆ, ಕೆಳಗೆ ಗೆಜ್ಜೆ ಇದೆ. ಅಮ್ಮ ಬೆಳಿಗ್ಗೆ ಎದ್ದು ಕಟ್ಟಿದ ನವಿಲುಗರಿ ಅರ್ಧಕ್ಕೆ ಕತ್ತರಿಸಿ ಹೋದ ಫೋಟೊ ಅವಳು ತಗೊಳ್ಳುವುದಿಲ್ಲ, ತಗೊಳ್ಳಬಾರದು ಕೂಡ. ಮೇಲೆ ಕೆಳಗೆ ಒಂದು ಗೇಣು ಜಾಗ ಬಿಟ್ಟು ತೆಗೆಯಿರಿ. ಕೊಳಲು ಅಡ್ಡಕ್ಕೆ ಚಾಚಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಫೈಲ್ ಸೈಜ್ ದೊಡ್ಡದು ಬೇಡ. ಈ ಪ್ರಿಂಟರ್‌ಗಳು ಇಂಚಿಗೆ 300 ಚುಕ್ಕೆ ಹಾಕುತ್ತವೆ. 6×4ಕ್ಕೆ 1800×1200 ಪಿಕ್ಸೆಲ್, 8×6ಕ್ಕೆ 2400×1800. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಸ್ಮಾಲ್ ಜೆಪೆಗ್ ಇದಕ್ಕೆ ಸಾಕಾಗಿ ಉಳಿಯುತ್ತದೆ. ಎರಡು ಕಾರ್ಡ್ ಹಾಕುವ ಕ್ಯಾಮೆರಾ ಇದ್ದರೆ ಒಂದಕ್ಕೆ ಸ್ಮಾಲ್ ಜೆಪೆಗ್, ಇನ್ನೊಂದಕ್ಕೆ ರಾ ಫೈಲ್, ಅಂದರೆ ಕುಗ್ಗಿಸದ ಮೂಲ ಫೈಲ್ ಹೋಗಲಿ. ಜೆಪೆಗ್ ಪ್ರಿಂಟಿಗೆ. ಮುಂದೆ ಯಾರಾದರೂ ಗೋಡೆಗೆ ಹಾಕುವ ದೊಡ್ಡ ಫೋಟೊ ಕೇಳಿದರೆ ರಾ ಇರುತ್ತದೆ. ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕುವುದೇ ಒಳ್ಳೆಯದು. ವೈಫೈ ನಿಮ್ಮ ಮನೆಯಲ್ಲಿ ಚೆನ್ನಾಗಿ ಓಡುತ್ತದೆ, ಮುನ್ನೂರು ಫೋನ್ ಇರುವ ಸಭಾಂಗಣದಲ್ಲಿ ಕೈ ಕೊಡುತ್ತದೆ. ಕೇಬಲನ್ನು ಟೇಬಲಿನ ಕಾಲಿಗೆ ಒಂದು ಸುತ್ತು ಹಾಕಿ ಕಟ್ಟಿ. ಯಾರಾದರೂ ಎಡವಿದರೂ ಲ್ಯಾಪ್‌ಟಾಪ್ ಕೆಳಗೆ ಬರಬಾರದು.

ಯಾವ ಫೋಟೊ ಯಾರದ್ದು ಅನ್ನುವ ಗೊಂದಲ ಬಂದರೆ ಹತ್ತು ನಿಮಿಷದ ಲೆಕ್ಕ ಕೆಡುತ್ತದೆ. ಅದಕ್ಕೆ ಚೀಟಿ ಬೇಕು. ಒಂದೇ ನಂಬರಿನ ಎರಡು ಚೀಟಿ. ಒಂದನ್ನು ಮಗುವಿನ ಅಮ್ಮನಿಗೆ ಕೊಡಿ. ಇನ್ನೊಂದನ್ನು ಹಿಡಿದು ಮೊದಲು ಒಂದು ಕ್ಲಿಕ್, ಆಮೇಲೆ ಮಗುವಿನದ್ದು ಮೂರು ಕ್ಲಿಕ್, ಮನೆಯವರ ಜೊತೆ ಒಂದು. ಲ್ಯಾಪ್‌ಟಾಪಿನಲ್ಲಿ ಕೂತವರಿಗೆ ನಂಬರಿನ ಫೋಟೊ ಕಂಡ ಕೂಡಲೇ ಹೊಸ ಮಗು ಶುರುವಾಯಿತು ಅಂತ ಗೊತ್ತಾಗುತ್ತದೆ. ಮೂರರಲ್ಲಿ ಕಣ್ಣು ಬಿಟ್ಟಿರುವುದನ್ನು ಆರಿಸಿ ಪ್ರಿಂಟಿಗೆ ಕಳಿಸಿ, ಪ್ರಿಂಟಿನ ಹಿಂದೆ ನಂಬರ್ ಚೀಟಿ ಅಂಟಿಸಿ ಸಾಲಾಗಿ ಜೋಡಿಸುತ್ತಾರೆ. ಎರಡು ಕ್ಯಾಮೆರಾ ಬಳಸಿದರೆ ಎರಡರ ಗಡಿಯಾರವನ್ನೂ ಬೆಳಿಗ್ಗೆ ಒಂದೇ ಸಮಯಕ್ಕೆ ಇಟ್ಟುಕೊಳ್ಳಿ.

ಈ ಕೆಲಸಕ್ಕೆ ಮೂವರು ಬೇಕು. ಒಬ್ಬರೇ ಮಾಡುತ್ತೇನೆ ಅಂತ ಹೊರಡಬೇಡಿ. ಫೋಟೊ ತೆಗೆಯುವವರು ಒಬ್ಬರು, ಪ್ರಿಂಟ್ ನೋಡಿಕೊಳ್ಳುವವರು ಒಬ್ಬರು, ಟೇಬಲಿನಲ್ಲಿ ಮಾರುವವರು ಒಬ್ಬರು. ಮೂವರಲ್ಲಿ ಮಾರುವವರೇ ಮುಖ್ಯ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಆ ಜಾಗದಲ್ಲಿ ನನ್ನ ಅತ್ತಿಗೆ ಕೂರುತ್ತಾರೆ. ಅವರು ಯಾವತ್ತೂ 'ತಗೊಳ್ಳಿ' ಅನ್ನುವುದಿಲ್ಲ. 'ನಿಮ್ಮ ನಂಬರ್ ಎಷ್ಟಮ್ಮ?' ಅಂತ ಕೇಳಿ, ಫೋಟೊ ಹುಡುಕಿ ಕೈಗೆ ಕೊಟ್ಟು, 'ನಿಧಾನಕ್ಕೆ ನೋಡಿ' ಅಂತ ಹೇಳಿ ಮುಂದಿನವರ ಕಡೆ ತಿರುಗುತ್ತಾರೆ. ನೋಡುವವರಿಗೆ ಬಲವಂತ ಅನ್ನಿಸುವುದಿಲ್ಲ. ಬೇಡ ಅಂದವರಿಗೂ ನಗುತ್ತಾ 'ಪರವಾಗಿಲ್ಲಮ್ಮ' ಅನ್ನುತ್ತಾರೆ. ಆ ಬೇಡ ಅಂದವರೇ ಮುಂದಿನ ವರ್ಷ ತಗೊಂಡಿದ್ದನ್ನು ನೋಡಿದ್ದೇನೆ.

ಟೇಬಲ್ ಎಲ್ಲಿಡಬೇಕು ಅನ್ನುವುದು ಸಣ್ಣ ವಿಷಯ ಅಲ್ಲ. ಕಾರ್ಯಕ್ರಮ ಮುಗಿದ ಕೂಡಲೇ ನಮ್ಮ ಜನ ಊಟದ ಕಡೆ ಹೋಗುತ್ತಾರೆ. ಊಟದ ಮನೆಯ ಬಾಗಿಲಲ್ಲಿ ಟೇಬಲ್ ಇಟ್ಟರೆ ಯಾರೂ ನಿಲ್ಲುವುದಿಲ್ಲ, ಪಂಕ್ತಿ ತಪ್ಪುತ್ತದಲ್ಲ. ಊಟ ಮುಗಿಸಿ, ಕೈ ತೊಳೆದು, ಬಾಳೆಹಣ್ಣೋ ಬೀಡಾನೋ ತಗೊಂಡು ಗೇಟಿನ ಕಡೆ ಬರುವ ದಾರಿಯಲ್ಲಿಡಿ. ಆಗ ಅವರಿಗೆ ಅವಸರ ಇರುವುದಿಲ್ಲ. ನಿಮಗೂ ಹಿಂದೆ ಬಿದ್ದ ಪ್ರಿಂಟ್‌ಗಳನ್ನು ಮುಗಿಸಲು ಆ ಅರ್ಧ ಗಂಟೆ ಸಿಗುತ್ತದೆ. ಊಟ ಇಲ್ಲದ ಕಾರ್ಯಕ್ರಮವಾದರೆ ಚಪ್ಪಲಿ ಬಿಟ್ಟ ಜಾಗದ ಹತ್ತಿರ.

ಕರೆಂಟಿನ ಬಗ್ಗೆ ಸಂಘಟಕರ ಮಾತು ನಂಬಬೇಡಿ. ಜನರೇಟರ್ ಇದೆ ಅನ್ನುತ್ತಾರೆ, ನಿಜವಾಗಿಯೂ ಇರುತ್ತದೆ. ಆದರೆ ಕರೆಂಟು ಹೋಗಿ ಜನರೇಟರ್ ಹತ್ತುವ ನಡುವೆ ಪ್ರಿಂಟರ್ ನಿಂತು, ಒಳಗಿದ್ದ ಹಾಳೆ ಹಾಳಾಗುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಪ್ರಿಂಟರಿಗೆ ಇಲ್ಲ. ಪ್ರಿಂಟರಿನ ಹಿಂದೆ ಬರೆದಿರುವ ವಿದ್ಯುತ್ ಲೆಕ್ಕ ನೋಡಿ, ಅದಕ್ಕಿಂತ ಜಾಸ್ತಿ ತಡೆಯುವ ಯುಪಿಎಸ್ ತಗೊಳ್ಳಿ. ಮೈಕ್ ಸೆಟ್ಟಿನವರ ಬೋರ್ಡಿಗೆ ಪ್ಲಗ್ ಹಾಕಬೇಡಿ. ಧೂಳು ಇನ್ನೊಂದು ಶತ್ರು. ರಿಬ್ಬನ್ ಮೇಲೆ ಒಂದು ಕಣ ಕೂತರೂ ಫೋಟೊದ ಮೇಲೆ ಬಿಳಿ ಚುಕ್ಕೆ ಬರುತ್ತದೆ, ಹೆಡ್ಡಿಗೆ ಅಂಟಿದರೆ ಉದ್ದಕ್ಕೆ ಗೆರೆ. ಮೈದಾನದಲ್ಲಿ ಪ್ರಿಂಟರಿನ ಬಾಗಿಲು ತೆರೆಯಬೇಡಿ, ರೋಲನ್ನು ಮನೆಯಿಂದಲೇ ಹಾಕಿಕೊಂಡು ಹೋಗಿ. ಉಳಿದ ರೋಲುಗಳನ್ನು ಮಧ್ಯಾಹ್ನದ ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ. ಮತ್ತೆ, ಪ್ರಿಂಟರಿನ ಯುಎಸ್‌ಬಿ ಕೇಬಲ್ ಎರಡು ಇರಲಿ. ಒಂದು ಸಲ ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಆ ಚೌಕದ ಪಿನ್ನಿನ ಕೇಬಲ್ ಮೊಬೈಲ್ ಅಂಗಡಿಗಳಲ್ಲಿ ಸಿಗಲಿಲ್ಲ. ಕೊನೆಗೆ ಒಂದು ಜೆರಾಕ್ಸ್ ಅಂಗಡಿಯವರು ತಮ್ಮ ಪ್ರಿಂಟರಿನಿಂದ ಬಿಚ್ಚಿ ಕೊಟ್ಟರು. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು, ಅರ್ಧ ಜನ ಮನೆಗೆ ಹೋಗಿದ್ದರು.

ರೇಟ್ ಕೇಳಿದ್ದೀರಿ. ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ಬೆಲೆ ಹಾಕಿಕೊಳ್ಳಿ. 80 ಮಕ್ಕಳ ಸ್ಪರ್ಧೆ. ಎಲ್ಲರದ್ದೂ ಒಂದೊಂದು 6×4 ಮೊದಲೇ ಪ್ರಿಂಟ್ ಹಾಕುತ್ತೀರಿ. ಪ್ರಿಂಟಿಗೆ 10 ರೂಪಾಯಿ ಅಂತಿಟ್ಟುಕೊಂಡರೆ 800. ರಟ್ಟಿನ ಕವರ್ ಜೊತೆ ಒಂದಕ್ಕೆ 100 ರೂಪಾಯಿ ರೇಟ್. 45 ಮನೆಯವರು ತಗೊಂಡರು, 4500 ಬಂತು. ಅವರಲ್ಲಿ 15 ಮನೆಯವರು 200 ರೂಪಾಯಿಯ 8×6 ಕೂಡ ಹೇಳಿದರು, 3000. ಒಟ್ಟು 7500. ಖರ್ಚು ಹಿಡಿಯಿರಿ. 6×4 ಪ್ರಿಂಟ್ 800, 45 ಕವರಿಗೆ ಹತ್ತರಂತೆ 450, 8×6ಕ್ಕೆ ಕಾಗದ ಮತ್ತು ಕವರ್ ಸೇರಿ 35ರಂತೆ 525, ಇಬ್ಬರಿಗೆ 700ರಂತೆ ಕೂಲಿ 1400, ಗಾಡಿ 500. ಒಟ್ಟು 3675. ಉಳಿಯಿತು 3825. ನಿಮ್ಮ ದುಡಿಮೆಯ ಕೂಲಿ, ಪ್ರಿಂಟರಿನ ಬೆಲೆ ಎರಡೂ ಇದರಿಂದಲೇ ಹೊರಡಬೇಕು. ಅದೇ ಲೆಕ್ಕದಲ್ಲಿ 80ರಲ್ಲಿ 20 ಮನೆಯವರು ಮಾತ್ರ ತಗೊಂಡು, ಅವರಲ್ಲಿ ಆರು ಮಂದಿ ದೊಡ್ಡದು ಹೇಳಿದರೆ ಬರುವುದು 3200, ಖರ್ಚು 3110. ಕೈಗೆ 90 ರೂಪಾಯಿ. ಅಂದರೆ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ತಗೊಳ್ಳುವ ಕಾರ್ಯಕ್ರಮಕ್ಕೆ ಮಾತ್ರ ಹೋಗಬೇಕು. ಕಾರ್ಯಕ್ರಮ ಒಪ್ಪಿಕೊಳ್ಳುವ ಮೊದಲು ನಾನು ನೋಡುವುದು ಇದೊಂದನ್ನೇ.

ಬೆಲೆ ದುಂಡಗಿರಲಿ. 149, 199 ಅಂತ ಇಟ್ಟರೆ ಚಿಲ್ಲರೆ ಹುಡುಕುವುದರಲ್ಲೇ ಸಾಲು ಬೆಳೆಯುತ್ತದೆ. ಎರಡೇ ಸೈಜ್, ಎರಡೇ ಬೆಲೆ, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ನೇತು ಹಾಕಿ. ಕೇಳಲು ನಾಚುವವರು ಬಹಳ ಇರುತ್ತಾರೆ, ಬೋರ್ಡ್ ಇದ್ದರೆ ಅವರೂ ಬರುತ್ತಾರೆ. ರಟ್ಟಿನ ಕವರ್ ಮೇಲೆ ಕಾರ್ಯಕ್ರಮದ ಹೆಸರು, ತಾರೀಖು ಅಚ್ಚು ಹಾಕಿಸಬೇಡಿ, ಉಳಿದರೆ ರದ್ದಿಗೇ ಹೋಗುತ್ತದೆ. ಹೆಸರು, ತಾರೀಖನ್ನು ಫೋಟೊದ ಅಂಚಿನಲ್ಲೇ ಬರುವಂತೆ ಟೆಂಪ್ಲೇಟ್ ಮಾಡಿಕೊಳ್ಳಿ. 'ಸಾರ್, ವಾಟ್ಸಾಪ್ ಮಾಡಿಬಿಡಿ' ಅನ್ನುವವರು ಬಂದೇ ಬರುತ್ತಾರೆ. ಪ್ರಿಂಟ್ ತಗೊಂಡವರಿಗೆ ಅದೇ ಬೆಲೆಯಲ್ಲಿ ಫೋನಿಗೂ ಕಳಿಸಿ, ಅದೇ ರಾತ್ರಿ ಕಳಿಸಿ. ಪ್ರಿಂಟ್ ಇಲ್ಲದೆ ಬರೀ ಫೋನಿಗೆ ಕೊಡಲು ಶುರು ಮಾಡಿದರೆ ನಿಮ್ಮ ಟೇಬಲ್ ಖಾಲಿಯಾಗುತ್ತದೆ. ಕ್ಯೂಆರ್ ಕೋಡ್ ಇಡಿ, ಜೊತೆಗೆ ನೂರರ, ಐವತ್ತರ ನೋಟೂ ಇರಲಿ. ಎಷ್ಟೋ ಸಭಾಂಗಣಗಳ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಪ್ರತಿ ಕಾರ್ಯಕ್ರಮದ ಲೆಕ್ಕ ಬರೆದಿಡಿ. 2025ರ ಜುಲೈನಲ್ಲಿ ಯುಪಿಐ ವ್ಯವಹಾರ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಿದ್ದು ನೆನಪಿರಬಹುದು. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಮದುವೆ ಕೆಲಸದ ದುಡ್ಡೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಯಾವ ಕಾರ್ಯಕ್ರಮ? ಖಾಲಿ ತಿಂಗಳು ಅಂದಿರಲ್ಲ, ನನಗೆ ಈ ಕೆಲಸ ಹಿಡಿಸಿದ್ದೇ ಆ ಕಾರಣಕ್ಕೆ. ಧನುರ್ಮಾಸದಲ್ಲಿ ಮದುವೆ ಇಲ್ಲ. ಆದರೆ ಡಿಸೆಂಬರ್, ಜನವರಿಯಲ್ಲಿ ಊರೂರ ಶಾಲೆಗಳಲ್ಲಿ ವಾರ್ಷಿಕೋತ್ಸವ. ಆಷಾಢ ಕಳೆದ ಮೇಲೆ ಕೃಷ್ಣ ಜನ್ಮಾಷ್ಟಮಿ. ಪಿತೃಪಕ್ಷ ಮುಗಿದ ಕೂಡಲೇ ನವರಾತ್ರಿಯ ಛದ್ಮವೇಷ ಸ್ಪರ್ಧೆಗಳು. ನವೆಂಬರಿನಲ್ಲಿ ರಾಜ್ಯೋತ್ಸವ, ಮಕ್ಕಳ ದಿನಾಚರಣೆ. ಮಾರ್ಚಿನಲ್ಲಿ ಯುಕೆಜಿ ಮಕ್ಕಳಿಗೆ ಗೌನು, ಟೋಪಿ ಹಾಕಿಸಿ ಮಾಡುವ ಪದವಿ ಪ್ರದಾನ. ಇವುಗಳ ಜೊತೆ ಕರಾಟೆ ಬೆಲ್ಟ್ ಪರೀಕ್ಷೆ, ಭರತನಾಟ್ಯ ಶಾಲೆಯ ಗೆಜ್ಜೆಪೂಜೆ. ಮಗು ವೇಷ ಹಾಕಿದ ಕಡೆ, ಇಲ್ಲವೇ ಏನಾದರೂ ಗೆದ್ದ ಕಡೆ ಹೋಗಿ. ಕಾಲೇಜು ಫೆಸ್ಟಿಗೆ ಹೋಗಬೇಡಿ. ಅಲ್ಲಿ ಒಳ್ಳೊಳ್ಳೆ ಫೋನ್ ಇರುತ್ತದೆ, ಜೇಬಿನಲ್ಲಿ ದುಡ್ಡಿರುವುದಿಲ್ಲ.

ಮದುವೆ ಮನೆಯಲ್ಲಿ ಮಾತ್ರ ನೆಂಟರಿಗೆ ಪ್ರಿಂಟ್ ಮಾರಲೇಬೇಡಿ. ಕರೆದು ಊಟ ಹಾಕುವ ಮನೆಯಲ್ಲಿ ಬಂದವರಿಂದ ನೂರು ರೂಪಾಯಿ ಕೇಳಿದರೆ ಮನೆಯ ಯಜಮಾನರಿಗೆ ಅವಮಾನ. ಅಲ್ಲಿ ಮನೆಯವರ ಹತ್ತಿರವೇ ಮೊದಲೇ ಮಾತಾಡಿ, ಇನ್ನೂರು ಪ್ರಿಂಟಿಗೆ ಇಷ್ಟು ಅಂತ ಒಂದು ಮೊತ್ತ ತಗೊಳ್ಳಿ. ಆಮೇಲೆ ಬಂದವರಿಗೆಲ್ಲ ತಾಂಬೂಲದ ಜೊತೆ ಫೋಟೊ. ಅರವತ್ತರ ಶಾಂತಿ, ಗೃಹಪ್ರವೇಶಕ್ಕೂ ಇದೇ ಸರಿ. ನಿಮಗೆ ಮದುವೆ ಮನೆಗಳ ಪರಿಚಯ ಇರುವುದರಿಂದ ಇಲ್ಲಿ ನಿಮಗೆ ಬೇಗ ಕೆಲಸ ಸಿಗುತ್ತದೆ.

ಸಂಘಟಕರ ಜೊತೆ ಒಂದು ಹಾಳೆಯಲ್ಲಾದರೂ ಬರೆದುಕೊಳ್ಳಿ. ಟೇಬಲ್ ಎಲ್ಲಿ, ಕರೆಂಟು ಎಲ್ಲಿಂದ, ಬೇರೆ ಪ್ರಿಂಟ್ ಮಾರುವವರು ಬರುತ್ತಾರಾ, ನೀವು ಸಂಘಟಕರಿಗೆ ಏನು ಕೊಡುತ್ತೀರಿ. ನಾನು ಶೇಕಡಾವಾರು ಕೊಡುವುದಿಲ್ಲ. ಬಹುಮಾನ ಗೆದ್ದ ಮಕ್ಕಳಿಗೆಲ್ಲ 8×6 ಉಚಿತವಾಗಿ ಹಾಕಿ, ಬಹುಮಾನದ ಜೊತೆಯಲ್ಲೇ ವೇದಿಕೆಯಿಂದ ಕೊಡಿಸುತ್ತೇನೆ. ಸಂಘಟಕರಿಗೆ ಅದು ಹೆಮ್ಮೆ, ನನಗೆ ಇಡೀ ಸಭೆಯ ಮುಂದೆ ಜಾಹೀರಾತು.

ಹಕ್ಕಿನ ವಿಷಯವೂ ಆ ಹಾಳೆಯಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಹೇಳಿ ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಮನೆಯವರು ದುಡ್ಡು ಕೊಟ್ಟ ಮದುವೆ ಫೋಟೊವನ್ನು ನೀವು ಜಾಹೀರಾತಿಗೆ ಬಳಸಬೇಕಾದರೆ ಅವರ ಒಪ್ಪಿಗೆ ಬೇಕು. ಮಕ್ಕಳ ಫೋಟೊದಲ್ಲಿ ಇನ್ನೂ ಜಾಗ್ರತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳು ಅಂತಲೇ ನೋಡುತ್ತದೆ, ಅವರ ವಿಷಯದಲ್ಲಿ ತಂದೆ ತಾಯಿಯ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಇದು ನಾವು ಮಾಡಬೇಕಾದ ಕೆಲಸವೇ ಅಲ್ವಾ? ಬೇರೆಯವರ ಮಗುವಿನ ಮುಖವನ್ನು ಕೇಳದೆ ಇನ್‌ಸ್ಟಾಗ್ರಾಮಿಗೆ ಹಾಕಬೇಡಿ. ಬೇರೆ ಯಾರೋ ಬಂದು 'ಆ ಮಗುವಿನ ಫೋಟೊ ಕೊಡಿ' ಅಂದರೆ ಚೀಟಿ ಕೇಳಿ, ಚೀಟಿ ಇಲ್ಲದಿದ್ದರೆ ಕೊಡಬೇಡಿ.

ಹೊಸಬರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಬಳಸಿದ ರಿಬ್ಬನ್ನನ್ನು ಬೆಳಕಿಗೆ ಹಿಡಿದು ನೋಡಿ. ಪ್ರಿಂಟ್ ಆದ ಪ್ರತಿ ಫೋಟೊದ ಗುರುತು ಅದರ ಮೇಲೆ ಉಳಿದಿರುತ್ತದೆ, ಹಳೆಯ ನೆಗೆಟಿವ್ ಥರ. ಎಲ್ಲ ಮಕ್ಕಳ ಮುಖವೂ ಕಾಣುತ್ತದೆ. ಅದನ್ನು ಸಭಾಂಗಣದ ಕಸದ ಬುಟ್ಟಿಗೆ ಹಾಕಿ ಬರಬೇಡಿ. ಮನೆಗೆ ತಂದು ಕತ್ತರಿಸಿ ಹಾಕಿ. ಮಾರಾಟವಾಗದ ಪ್ರಿಂಟ್‌ಗಳನ್ನೂ ಅಷ್ಟೆ. ನಾನು ಅವನ್ನು ಹದಿನೈದು ದಿನ ಇಟ್ಟಿರುತ್ತೇನೆ, ಶಾಲೆಯ ಮೂಲಕ ಇನ್ನೊಂದು ಸಲ ಹೇಳಿ ಕಳಿಸುತ್ತೇನೆ. ಕೊಳ್ಳಲು ಆಗದ ಮನೆಯ ಮಗುವಿನದ್ದು ಅಂತ ಮೇಷ್ಟ್ರು ಹೇಳಿದರೆ ಸುಮ್ನೆ ಕೊಟ್ಟುಬಿಡುತ್ತೇನೆ. ಉಳಿದಿದ್ದನ್ನು ಹರಿದು ಹಾಕುತ್ತೇನೆ.

ಕೊನೆಗೆ, ಮದುವೆ ಕೆಲಸ ಬಿಡಬಹುದಾ ಅಂದಿರಿ. ಈಗ ಬೇಡ. ಮದುವೆ ಇಲ್ಲದ ತಿಂಗಳುಗಳಿಗೆ ಮಾತ್ರ ಇದನ್ನು ಇಟ್ಟುಕೊಂಡು ಒಂದು ವರ್ಷ ಪೂರ್ತಿ ಮಾಡಿ ನೋಡಿ. ಮೊದಲ ಕಾರ್ಯಕ್ರಮ ನಿಮ್ಮ ಮಕ್ಕಳೋ ಅಣ್ಣನ ಮಕ್ಕಳೋ ಓದುವ ಶಾಲೆಯದ್ದೇ ಆಗಲಿ, ಐವತ್ತು ಮಕ್ಕಳಿಗಿಂತ ಜಾಸ್ತಿ ಬೇಡ. ಎಷ್ಟು ಮಕ್ಕಳು, ಎಷ್ಟು ಮನೆಯವರು ತಗೊಂಡರು, ಫೋಟೊ ತೆಗೆದಾಗಿನಿಂದ ಪ್ರಿಂಟ್ ಕೈಗೆ ಹೋಗಲು ಎಷ್ಟು ನಿಮಿಷ ಆಯಿತು, ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ಕಾರ್ಯಕ್ರಮ ಆದ ಮೇಲೆ ಆ ಪುಟ ನೋಡಿ ನನಗೆ ಇನ್ನೊಂದು ಪತ್ರ ಬರೆಯಿರಿ. ಪ್ರಿಂಟರ್ ಕೊಳ್ಳುವ ಮಾತನ್ನು ಆಗ ಆಡೋಣ.